ಒಂದೇ ‘ಗೊಡ್ಡು’, ಮೂರು ಅರ್ಥ: ಅವಳಿ ಹೆಣ್ಣುಗರು, ಹಾಲು ಬತ್ತಿಸುವ ಹಸು, ಬೆದೆ ಕಾಣದ ಹಸು

ಪ್ರಶ್ನೆ: ನಾವು ಹೈನುಗಾರಿಕೆಗೆ ಹೊಸಬರು. ಕೊಟ್ಟಿಗೆಯಲ್ಲಿ ಮೂರು ಹಸುಗಳಿವೆ. ಮೊದಲನೆಯದು ಅವಳಿ ಹಾಕಿ 18 ದಿನವಾಯಿತು. ಒಂದು ಹೋರಿಗರು, ಒಂದು ಹೆಣ್ಣುಗರು, ಎರಡೂ ಚುರುಕಾಗಿವೆ. ಆದರೆ ನೋಡಿದವರೆಲ್ಲ ‘ಗಂಡಿನ ಜೊತೆ ಹುಟ್ಟಿದ ಹೆಣ್ಣು ಗೊಡ್ಡಾಗುತ್ತದೆ, ಸಾಕಬೇಡಿ’ ಎನ್ನುತ್ತಾರೆ. ಎರಡನೆಯ ಹಸು ಗಬ್ಬವಾಗಿ 210 ದಿನ. ಈಗಲೂ ದಿನಕ್ಕೆ 6 ಲೀಟರ್ ಹಾಲು ಕೊಡುತ್ತಿದೆ. ಇನ್ನು ಹತ್ತು ದಿನಕ್ಕೆ ‘ಡ್ರೈ’ ಮಾಡಿ ಎಂದು ವೈದ್ಯರು ಕಾರ್ಡಿನಲ್ಲಿ ಬರೆದಿದ್ದಾರೆ. ಕೈಗೆ ಬರುವ ಹಾಲನ್ನು ನಿಲ್ಲಿಸಿ ಹಸುವನ್ನು ಗೊಡ್ಡು ಮಾಡುವುದು ಯಾಕೆ? ಮೂರನೆಯದು ಕರು ಹಾಕಿ ಹತ್ತು ತಿಂಗಳಾಗಿದೆ, ಹಾಲು ಪೂರ್ತಿ ಬತ್ತಿದೆ. ನಾಲ್ಕು ತಿಂಗಳ ಹಿಂದೆ ಕೃತಕ ಗರ್ಭಧಾರಣೆ ಮಾಡಿಸಿದ್ದೆವು. ಆಮೇಲೆ ಬೆದೆಗೆ ಬಂದದ್ದು ಕಾಣಲಿಲ್ಲ, ಹೊಟ್ಟೆಯೂ ದೊಡ್ಡದಾಗಿಲ್ಲ. ‘ಗೊಡ್ಡು ಬಿದ್ದಿದೆ, ಬೆದೆಗೆ ಬರುವ ಇಂಜೆಕ್ಷನ್ ಕೊಡಿಸಿ’ ಎಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ. ಕೊಡಿಸಬಹುದೇ?

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಉತ್ತರ, ಏಕೆಂದರೆ ಅದು ಕಾಯುವಂಥದ್ದಲ್ಲ. ಗಬ್ಬ ಪರೀಕ್ಷೆ ಆಗುವವರೆಗೆ ಆ ಮೂರನೆಯ ಹಸುವಿಗೆ ಬೆದೆಯ ಇಂಜೆಕ್ಷನ್ ಕೊಡಿಸಲೇಬೇಡಿ.

ನಿಮ್ಮ ಪತ್ರದಲ್ಲಿ ‘ಗೊಡ್ಡು’ ಎಂಬ ಮಾತು ಮೂರು ಸಲ ಬಂದಿದೆ, ಮೂರು ಸಲವೂ ಬೇರೆ ಅರ್ಥದಲ್ಲಿ. ಅವಳಿ ಕರುವಿನ ಬಗ್ಗೆ ಹೇಳುವಾಗ ಅದು ಹುಟ್ಟು ಬಂಜೆತನ, ಅಂದರೆ ಗರ್ಭಕೋಶವೇ ಬೆಳೆಯದ ಸ್ಥಿತಿ. ಎರಡನೆಯ ಹಸುವಿನ ಬಗ್ಗೆ ಹೇಳುವಾಗ ಗಬ್ಬದ ಹಸುವಿನ ಹಾಲನ್ನು ಬೇಕೆಂದೇ ನಿಲ್ಲಿಸಿ ಕೊಡುವ ವಿಶ್ರಾಂತಿ. ಮೂರನೆಯದಕ್ಕೆ ಬಂದರೆ, ಹಾಲೂ ಇಲ್ಲ, ಗಬ್ಬವೂ ಗೊತ್ತಿಲ್ಲ ಎಂಬ ಅನುಮಾನ. ಮಾತಿನಲ್ಲಿ ಒಂದೇ ಪದ ಸಾಕಾಗುತ್ತದೆ, ಆದರೆ ಕೊಟ್ಟಿಗೆಯಲ್ಲಿ ಸಾಲದು. ಹಾಲಿನ ಲೆಕ್ಕವೇ ಬೇರೆ, ಗಬ್ಬದ ಲೆಕ್ಕವೇ ಬೇರೆ. ಹಾಲು ಕರೆಯುವ ಹಸು ಗಬ್ಬವೂ ಆಗಿರಬಹುದು, ಖಾಲಿಯೂ ಇರಬಹುದು. ಹಾಲು ಬತ್ತಿದ ಹಸುವಿಗೂ ಅದೇ ಮಾತು ಅನ್ವಯಿಸುತ್ತದೆ. ಈ ಎರಡು ಲೆಕ್ಕಗಳನ್ನು ಒಂದೇ ಪದದಲ್ಲಿ ಕಟ್ಟಿಹಾಕಿದಾಗಲೇ ತಪ್ಪು ಔಷಧಿ, ತಪ್ಪು ಮೇವು, ತಪ್ಪು ಮಾರಾಟ ನಡೆಯುವುದು.

ಮೂರನೆಯ ಹಸುವಿನ ಹಾಲು ಬತ್ತಿರುವುದರಲ್ಲಿ ರೋಗದ ಸುಳಿವೇನೂ ಇಲ್ಲ. ಕರು ಹಾಕಿದ ಆರರಿಂದ ಎಂಟು ವಾರಕ್ಕೆ ಹಾಲು ಗರಿಷ್ಠಕ್ಕೆ ಏರಿ ಅಲ್ಲಿಂದ ನಿಧಾನವಾಗಿ ಇಳಿಯುತ್ತದೆ. ಒಂದು ಸೂಲಿನ, ಅಂದರೆ ಒಂದು ಸಲ ಕರು ಹಾಕಿದ ಮೇಲಿನ, ಹಾಲಿನ ಅವಧಿಯನ್ನು ಲೆಕ್ಕಕ್ಕೆ 305 ದಿನ ಎಂದೇ ಹಿಡಿಯುತ್ತಾರೆ. ಹತ್ತು ತಿಂಗಳಿಗೆ ಬತ್ತಿದರೆ ಅದು ಸಹಜ ಮುಕ್ತಾಯ. ಹೊಟ್ಟೆ ಕಾಣದಿರುವುದೂ ಏನನ್ನೂ ಹೇಳುವುದಿಲ್ಲ. ನಾಲ್ಕು ತಿಂಗಳ ಭ್ರೂಣ ಸಣ್ಣ ಬೆಕ್ಕಿನಷ್ಟು ದೊಡ್ಡದು, ಅಷ್ಟೇ. ಹೊರಗಿನಿಂದ ನಮಗೆ ಕಾಣುವ ಹೊಟ್ಟೆ ಬಹುಪಾಲು ಮೇವು ತುಂಬಿದ ರೂಮೆನ್, ಅಂದರೆ ಹಸುವಿನ ದೊಡ್ಡ ಜಠರ.

ಬೆದೆ ಕಾಣದಿರುವುದಕ್ಕೆ ಕಾರಣ ಹಲವು. ಒಳ್ಳೆಯ ಕಾರಣ ಗಬ್ಬ ನಿಂತಿರುವುದು. ಇಲ್ಲವೇ ಬೆದೆ ಬಂದು ಹೋಗಿದೆ, ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಹಸುವಿನ ಬೆದೆ 18ರಿಂದ 24 ದಿನಕ್ಕೊಮ್ಮೆ ಬಂದು 12ರಿಂದ 18 ಗಂಟೆಯಲ್ಲಿ ಮುಗಿಯುತ್ತದೆ. ರಾತ್ರಿ ಶುರುವಾಗಿ ಬೆಳಗಿನ ಹೊತ್ತಿಗೆ ತಣ್ಣಗಾದರೆ ಯಾರಿಗೂ ಗೊತ್ತಾಗುವುದಿಲ್ಲ. ಹಸು ಬಡಕಲಾಗಿ ಅಂಡಾಶಯ ಕೆಲಸ ನಿಲ್ಲಿಸಿರಬಹುದು. ಅಥವಾ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಇದನ್ನೂ ಹೇಳಬೇಕು: ಗಬ್ಬದಲ್ಲಿರುವಾಗಲೇ ಬೆದೆಯ ಲಕ್ಷಣ ತೋರುವ ಹಸುಗಳು ಕೆಲವು ಇವೆ. ಆದ್ದರಿಂದ ಬೆದೆ ಕಂಡರೂ ಕಾಣದಿದ್ದರೂ ಅದೊಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು.

ಬೆದೆಗೆ ತರಲು ಹೆಚ್ಚಾಗಿ ಬಳಸುವುದು ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್. ಅಂಡ ಬಿಡುಗಡೆಯಾದ ಜಾಗದಲ್ಲಿ ಅಂಡಾಶಯದ ಮೇಲೆ ಕಾರ್ಪಸ್ ಲೂಟಿಯಂ ಎಂಬ ಹಳದಿ ಗಂಟು ಬೆಳೆಯುತ್ತದೆ. ಗಬ್ಬ ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಅಲ್ಲಿಂದಲೇ ಬರುವುದು. ಈ ಇಂಜೆಕ್ಷನ್ ಆ ಗಂಟನ್ನು ಕರಗಿಸುತ್ತದೆ. ಖಾಲಿ ಹಸುವಿನಲ್ಲಿ ಗಂಟು ಕರಗಿದರೆ ಎರಡರಿಂದ ಐದು ದಿನದಲ್ಲಿ ಬೆದೆ ಬರುತ್ತದೆ. ಗಬ್ಬದ ಹಸುವಿನಲ್ಲಿ ಕರಗಿದರೆ ಹಸು ಕಂದು ಹಾಕುತ್ತದೆ, ಅಂದರೆ ಗರ್ಭಪಾತವಾಗುತ್ತದೆ. ಸುಮಾರು ಐದು ತಿಂಗಳವರೆಗೆ ಹಸುವಿನ ಗಬ್ಬ ಆ ಗಂಟನ್ನೇ ನಂಬಿಕೊಂಡಿರುವುದರಿಂದ ನಾಲ್ಕು ತಿಂಗಳಿನದು ಉಳಿಯುವ ಸಂಭವ ತೀರಾ ಕಡಿಮೆ. ಕಂದು ಹಾಕಿದ ಮೇಲೆ ಮಾಸು (ಭ್ರೂಣದ ಹೊದಿಕೆ) ಬೀಳದೆ ಒಳಗೆ ಕೊಳೆತು ಗರ್ಭಕೋಶಕ್ಕೆ ಸೋಂಕು ತಗುಲುವುದೂ ಇದೆ. ಕೀವು ತುಂಬಿದ ಗರ್ಭಕೋಶಕ್ಕೆ ಇದೇ ಇಂಜೆಕ್ಷನ್ ಸರಿಯಾದ ಚಿಕಿತ್ಸೆ. ಅಂಡಾಶಯವೇ ಕೆಲಸ ನಿಲ್ಲಿಸಿದ್ದರೆ ಕರಗಿಸಲು ಗಂಟೇ ಇಲ್ಲ, ಹಾಕಿದ್ದು ವ್ಯರ್ಥ. ಒಂದೇ ಸೂಜಿ ಒಂದು ಹಸುವನ್ನು ಉಳಿಸಿ ಇನ್ನೊಂದರ ಗಬ್ಬವನ್ನು ಕಳೆಯುತ್ತದೆ ಎನ್ನುವುದು ಇದಕ್ಕೇ. ಈ ಔಷಧಿ ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಗರ್ಭಿಣಿಯರು ಮತ್ತು ಅಸ್ತಮಾ ಇರುವವರು ಬಾಟಲಿಯನ್ನು ಮುಟ್ಟಲೇಬಾರದು.

ಈಗ ಮಾಡಿಸಬೇಕಾದದ್ದು ಗುದದ್ವಾರದ ಮೂಲಕ ಕೈ ಹಾಕಿ ನೋಡುವ ಗಬ್ಬ ಪರೀಕ್ಷೆ. ನಾಲ್ಕು ತಿಂಗಳು ತುಂಬಿರುವುದರಿಂದ ಪಳಗಿದ ವೈದ್ಯರಿಗೆ ಇದರಲ್ಲಿ ಗೊಂದಲವೇ ಇರುವುದಿಲ್ಲ. ಗರ್ಭಕೋಶ ಹೊಟ್ಟೆಯ ಕಡೆಗೆ ಜಾರಿರುತ್ತದೆ, ಮಾಸು ಅಂಟಿಕೊಂಡಿರುವ ಗುಂಡಿಗಳು ಬೆರಳಿಗೆ ಸಿಗುತ್ತವೆ, ಗರ್ಭಕೋಶದ ರಕ್ತನಾಳ ಮಾಮೂಲಿ ನಾಡಿಯಂತೆ ಬಡಿಯುವ ಬದಲು ನೀರು ಹರಿಯುವ ಪೈಪಿನಂತೆ ಝುಮ್ಮೆನ್ನುತ್ತದೆ. ಖಾಲಿ ಎಂದು ಗೊತ್ತಾದರೆ ಅದೇ ಪರೀಕ್ಷೆಯಲ್ಲಿ ಅಂಡಾಶಯದ ಸ್ಥಿತಿಯೂ ತಿಳಿಯುತ್ತದೆ. ಇಂಜೆಕ್ಷನ್ ಬೇಕೋ, ಮೇವು ಮತ್ತು ಖನಿಜ ಮಿಶ್ರಣ ಬೇಕೋ ಎಂದು ಆಗ ನಿರ್ಧರಿಸಬಹುದು. ಒಂದು ಮಾತು: ಒಮ್ಮೆ ವೀರ್ಯ ಹಾಕಿಸಿ ಗಬ್ಬ ನಿಲ್ಲದ ಹಸುವನ್ನು ಬಂಜೆ ಎನ್ನುವುದು ಅನ್ಯಾಯ. ಸರಿಯಾಗಿ ಬೆದೆಗೆ ಬರುತ್ತಾ, ಮೂರು ಸಲ ವೀರ್ಯ ಹಾಕಿಸಿದರೂ ನಿಲ್ಲದ ಹಸುವನ್ನು ‘ಮರುಬೆದೆ’ಯ ಹಸು ಎನ್ನುತ್ತಾರೆ. ಅಂಥವುಗಳಲ್ಲೂ ಬಹಳಷ್ಟು ಚಿಕಿತ್ಸೆಗೆ ಬಗ್ಗುತ್ತವೆ.

ಇನ್ನು ಅವಳಿ ಹೆಣ್ಣುಗರು. ಇಲ್ಲಿ ಜನ ಹೇಳುವುದು ಬಹುಮಟ್ಟಿಗೆ ನಿಜ, ಪೂರ್ತಿ ನಿಜವಲ್ಲ. ಗಂಡಿನೊಡನೆ ಹುಟ್ಟಿದ ಹೆಣ್ಣುಗರುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಹುಟ್ಟು ಬಂಜೆ. ಇಂಥ ಕರುವಿಗೆ ಪಶುವಿಜ್ಞಾನದಲ್ಲಿ ಫ್ರೀಮಾರ್ಟಿನ್ ಎಂದು ಹೆಸರು. ಉಳಿದ ಕೆಲವು ಎಲ್ಲ ಹಸುಗಳಂತೆ ಗಬ್ಬ ಕಟ್ಟಿ ಕರು ಹಾಕುತ್ತವೆ. ಎರಡೂ ಹೆಣ್ಣಾಗಿದ್ದರೆ ಈ ಚಿಂತೆಯೇ ಇಲ್ಲ. ಅವಳಿ ಎಂದ ಮಾತ್ರಕ್ಕೆ ಬಂಜೆ ಎನ್ನುವುದು ತಪ್ಪು.

ಜಾನ್ ಹಂಟರ್ ಎಂಬ ಶಸ್ತ್ರವೈದ್ಯ 1779ರಲ್ಲೇ ಇಂಥ ರಾಸುಗಳ ಒಳ ಅಂಗಗಳನ್ನು ಬಿಡಿಸಿ ನೋಡಿ ವರ್ಣಿಸಿದ್ದರು. ಕಾರಣ ಸ್ಪಷ್ಟವಾಗಿದ್ದು ಇಪ್ಪತ್ತನೇ ಶತಮಾನದಲ್ಲಿ. ಪ್ರಾಣಿವಿಜ್ಞಾನಿ ಫ್ರಾಂಕ್ ಲಿಲಿ 1917ರಲ್ಲಿ ಅದನ್ನು ವಿವರವಾಗಿ ಬರೆದರು. ಆಗುವುದು ಹೀಗೆ. ಅವಳಿ ಭ್ರೂಣಗಳಿಗೆ ಮೊದಲು ಬೇರೆ ಬೇರೆ ಹೊದಿಕೆ ಇರುತ್ತದೆ. ದನಗಳಲ್ಲಿ ಗಬ್ಬದ 30ರಿಂದ 40ನೇ ದಿನದ ಸುಮಾರಿಗೆ ಆ ಹೊದಿಕೆಗಳು ಒಂದಕ್ಕೊಂದು ಬೆಸೆದು ರಕ್ತನಾಳಗಳೂ ಕೂಡಿಕೊಳ್ಳುತ್ತವೆ. ಒಂದರ ರಕ್ತ ಇನ್ನೊಂದಕ್ಕೆ ಹರಿಯುತ್ತದೆ. ಗಂಡು ಭ್ರೂಣದ ವೃಷಣ ಹೆಣ್ಣಿನ ಅಂಡಾಶಯಕ್ಕಿಂತ ಮುಂಚೆ ರೂಪುಗೊಂಡು, ಗರ್ಭಕೋಶವಾಗಬೇಕಾದ ನಾಳವನ್ನು ಕುಗ್ಗಿಸುವ ಹಾರ್ಮೋನನ್ನು ಸ್ರವಿಸಲು ಶುರುಮಾಡುತ್ತದೆ. ಗಂಡಿಗೆ ಆ ನಾಳ ಬೇಡ, ಹಾಗಾಗಿ ಅದು ಅಲ್ಲಿ ಸಹಜ ಕೆಲಸ. ರಕ್ತದ ಮೂಲಕ ಅದೇ ಹಾರ್ಮೋನ್ ಹೆಣ್ಣಿನ ಮೈಗೂ ತಲುಪಿದಾಗ ಅವಳ ಗರ್ಭಕೋಶ, ಗರ್ಭಕಂಠ, ಯೋನಿಯ ಮುಂಭಾಗ ಯಾವುದೂ ಬೆಳೆಯದೆ ದಾರದಂತೆ ಉಳಿಯುತ್ತವೆ. ಅಂಡಾಶಯವೂ ಕುಗ್ಗುತ್ತದೆ. ಹೊರಗಿನ ಯೋನಿದ್ವಾರ ಮಾತ್ರ ಬೇರೆ ಅಂಗಾಂಶದಿಂದ ಬೆಳೆಯುವಂಥದ್ದು. ಅದಕ್ಕೇ ಹೊರನೋಟಕ್ಕೆ ಕರು ಸರಿಯಾಗಿಯೇ ಕಾಣುತ್ತದೆ. ಬಾಗಿಲಿದೆ, ಒಳಗೆ ಕೋಣೆಯಿಲ್ಲ. ಕರು ಚುರುಕಾಗಿದೆ, ಚೆನ್ನಾಗಿ ಬೆಳೆಯುತ್ತಿದೆ ಎಂಬುದನ್ನು ನೋಡಿ ನಿರಾಳವಾಗಬೇಡಿ ಎನ್ನುವುದು ಇದಕ್ಕೆ. ಫ್ರೀಮಾರ್ಟಿನ್ ಕರುಗಳ ಆರೋಗ್ಯ, ಬೆಳವಣಿಗೆ ಎರಡೂ ಚೆನ್ನಾಗಿಯೇ ಇರುತ್ತವೆ. ಕೆಲವಕ್ಕೆ ಯೋನಿದ್ವಾರದ ಕೆಳತುದಿಯಲ್ಲಿ ಉದ್ದ ಕೂದಲಿನ ಕುಚ್ಚು, ದೊಡ್ಡ ಚಂದ್ರನಾಡಿ ಕಾಣಬಹುದು, ಹಲವಕ್ಕೆ ಏನೂ ಕಾಣದು.

ನಿಮ್ಮ ಕರುವಿಗೆ 18 ದಿನ. ಪರೀಕ್ಷಿಸಲು ಇದು ತಕ್ಕ ವಯಸ್ಸು. ಬೆರಳು ಗಾತ್ರದ, ತುದಿ ದುಂಡಾದ, ನುಣುಪಾದ ಪ್ಲಾಸ್ಟಿಕ್ ನಳಿಕೆಯನ್ನು ತೊಳೆದು, ಜಾರುವಂತೆ ಜೆಲ್ ಸವರಿ, ಯೋನಿದ್ವಾರದಿಂದ ನಿಧಾನವಾಗಿ ಒಳಗೆ ಬಿಡುತ್ತಾರೆ. ಮೊದಲು ತುದಿಯನ್ನು ಓರೆಯಾಗಿ ಮೇಲಕ್ಕೆ, ಆಮೇಲೆ ನೇರವಾಗಿ ಮುಂದಕ್ಕೆ. ತಡೆ ಸಿಕ್ಕಲ್ಲಿ ನಿಲ್ಲಿಸಿ, ದ್ವಾರದ ಬಳಿ ಹೆಬ್ಬೆರಳಿನಿಂದ ಗುರುತು ಹಿಡಿದು ಹೊರಗೆ ತೆಗೆದು ಅಳೆಯುತ್ತಾರೆ. ಸಹಜ ಕರುವಿನಲ್ಲಿ ಈ ವಯಸ್ಸಿಗೆ 12ರಿಂದ 15 ಸೆಂಟಿಮೀಟರ್ ಹೋಗುತ್ತದೆ. ಫ್ರೀಮಾರ್ಟಿನ್ ಕರುವಿನಲ್ಲಿ 5ರಿಂದ 8 ಸೆಂಟಿಮೀಟರಿಗೇ ನಿಲ್ಲುತ್ತದೆ. ತುದಿಯನ್ನು ಮೊದಲೇ ಕೆಳಗೆ ಬಾಗಿಸಿದರೆ ಅದು ಮೂತ್ರನಾಳದ ಬಾಯಿಗೆ ತಾಗಿ ನಿಂತು, ಸರಿಯಾದ ಕರುವೂ ಬಂಜೆ ಎನಿಸಿಕೊಳ್ಳುತ್ತದೆ. ಬಲವಾಗಿ ಒತ್ತಿದರೆ ಒಳಪದರ ಹರಿಯುತ್ತದೆ. ಹಾಗಾಗಿ ಇದನ್ನು ವೈದ್ಯರ ಕೈಯಲ್ಲೇ ಮಾಡಿಸಿ, ಮನೆಯಲ್ಲಿ ಪೆನ್ನು, ಕಡ್ಡಿ ಹಾಕಿ ನೋಡುವುದು ಬೇಡ.

ಅಳತೆ ಎರಡರ ನಡುವೆ ಬಂದರೆ, ಇಲ್ಲವೇ ಕರು ಒಳ್ಳೆಯ ತಳಿಯದಾಗಿದ್ದು ನಿಮಗೆ ಖಚಿತ ಉತ್ತರವೇ ಬೇಕಿದ್ದರೆ ರಕ್ತ ಪರೀಕ್ಷೆ ಇದೆ. ಅವಳಿಗಳ ರಕ್ತ ಕೂಡಿದ್ದರೆ ಹೆಣ್ಣುಗರುವಿನ ರಕ್ತದಲ್ಲಿ ಗಂಡಿನ ವೈ ಕ್ರೋಮೋಸೋಮ್ ಇರುವ ಜೀವಕೋಶಗಳು ಬದುಕಿನುದ್ದಕ್ಕೂ ಸಿಗುತ್ತವೆ. ಪಿಸಿಆರ್ ಪರೀಕ್ಷೆ ಅದನ್ನು ಯಾವ ವಯಸ್ಸಿನಲ್ಲಾದರೂ ಪತ್ತೆಮಾಡುತ್ತದೆ. ಮೂರನೆಯ ದಾರಿ, ಕಡಸಾಗುವವರೆಗೆ ಸಾಕಿ ಒಂದು ವರ್ಷ ದಾಟಿದ ಮೇಲೆ ಕೈ ಹಾಕಿ ನೋಡಿಸುವುದು. ತಪ್ಪಿಲ್ಲ, ಆದರೆ ಅಷ್ಟೂ ತಿಂಗಳ ಹಾಲು, ಮೇವು, ಆರೈಕೆಯನ್ನು ಹಾಕಿದ ಮೇಲೆ ಉತ್ತರ ಸಿಗುತ್ತದೆ. ಈಗಲೇ ನಳಿಕೆ ಪರೀಕ್ಷೆ ಮಾಡಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಬಂಜೆ ಎಂದು ಖಚಿತವಾದರೆ ಯಾವ ಔಷಧಿಯೂ ಅದನ್ನು ಸರಿಪಡಿಸದು. ಇಲ್ಲದ ಅಂಗವನ್ನು ಟಾನಿಕ್ ಬೆಳೆಸುವುದಿಲ್ಲ. ಯಾರಾದರೂ ಕೊಂಡರೆ ವಿಷಯ ಹೇಳಿಯೇ ಕೊಡಿ. ಅವಳಿಯ ಸಂಗತಿ ಮುಚ್ಚಿಟ್ಟು ಕಡಸು ಎಂದು ಮಾರಿದರೆ, ಕೊಂಡವರು ಎರಡು ವರ್ಷ ಬೆದೆ ಕಾಯುತ್ತಾ ಕೂರುತ್ತಾರೆ.

ಜೊತೆಯ ಹೋರಿಗರುವಿಗೆ ಇಂಥ ದೋಷ ಇರುವುದಿಲ್ಲ, ಆದರೆ ಅವಳಿ ಹೋರಿಗಳಲ್ಲಿ ವೀರ್ಯದ ಗುಣಮಟ್ಟ ಕಡಿಮೆಯಾಗಿರುವ ಸಾಧ್ಯತೆ ಇದೆ. ಬೀಜದ ಹೋರಿಯಾಗಿ ಇಟ್ಟುಕೊಳ್ಳುವುದಾದರೆ ವೀರ್ಯ ಪರೀಕ್ಷೆ ಮಾಡಿಸದೆ ಬೇಡ. ಆಡು, ಕುರಿ ಸಾಕುವವರು ಈ ಭಯ ಇಟ್ಟುಕೊಳ್ಳಬೇಕಿಲ್ಲ. ಅವುಗಳಲ್ಲಿ ಅವಳಿ ದಿನನಿತ್ಯದ ಸಂಗತಿ, ರಕ್ತನಾಳ ಹೀಗೆ ಕೂಡುವುದು ಅಪರೂಪ.

ಎರಡನೆಯ ಹಸುವಿನ ವಿಷಯದಲ್ಲಿ ವೈದ್ಯರು ಬರೆದಿರುವ ದಿನ ಸರಿಯಾಗಿದೆ. ಹಸುವಿನ ಗಬ್ಬದ ಅವಧಿ ಸುಮಾರು 280 ದಿನ. ಅದರಲ್ಲಿ ಕೊನೆಯ 60 ದಿನ ಕಳೆದರೆ 220. ನಿಮ್ಮದು ಈಗ 210ರಲ್ಲಿದೆ. ಈ ಅರವತ್ತು ದಿನ ಕೆಚ್ಚಲು ಸುಮ್ಮನೆ ಕೂತಿರುವುದಿಲ್ಲ. ಹಾಲು ತಯಾರಿಸಿ ದಣಿದ ಜೀವಕೋಶಗಳು ಕರಗಿ ಹೊಸವು ಹುಟ್ಟುತ್ತವೆ, ಕೊನೆಯ ವಾರಗಳಲ್ಲಿ ಗಿಣ್ಣು ಹಾಲು ಕೂಡುತ್ತದೆ. ಕರು ತನ್ನ ಹುಟ್ಟುತೂಕದ ಅರ್ಧಕ್ಕಿಂತ ಹೆಚ್ಚನ್ನು ಗಳಿಸುವುದೂ ಕೊನೆಯ ಮೂರು ತಿಂಗಳಲ್ಲಿ. ವಿಶ್ರಾಂತಿ 40 ದಿನಕ್ಕಿಂತ ಕಡಿಮೆಯಾದರೆ ಮುಂದಿನ ಸೂಲಿನಲ್ಲಿ ಹಾಲು ಕುಸಿಯುತ್ತದೆ, ಗಿಣ್ಣೂ ತೆಳುವಾಗುತ್ತದೆ. ಈಗ ಕರೆಯುವ ಆರು ಲೀಟರಿನ ಲೋಭಕ್ಕೆ ಇಡೀ ಸೂಲಿನ ಹಾಲನ್ನು ಕಳೆದುಕೊಂಡಂತೆ. ಹಾಗೆಂದು 90 ದಿನ ಮೀರಿ ಬಿಟ್ಟರೆ ಹಸು ಕೊಬ್ಬುತ್ತದೆ, ಅದೂ ಬೇಡ.

ಮಾಡುವ ಬಗೆ ಹೀಗಿರಲಿ. ಇಂದಿನಿಂದಲೇ ಕೈತಿಂಡಿಯನ್ನು (ಹಿಂಡಿ, ಬೂಸಾ) ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಕೊನೆಯ ಎರಡು ದಿನ ಪೂರ್ತಿ ನಿಲ್ಲಿಸಿ, ಒಣಮೇವನ್ನು ಹೆಚ್ಚಿಸಿ. ನೀರನ್ನು ಮಾತ್ರ ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ. ನೀರು ಕಟ್ಟಿ ಹಾಲು ಬತ್ತಿಸುವುದು ಹಿಂಸೆ, ಹಸುವಿಗೂ ಹೊಟ್ಟೆಯ ಕರುವಿಗೂ ಅಪಾಯ. ನಡುವೆ ಒಂದು ದಿನ ನಾಲ್ಕು ಮೊಲೆಯ ಹಾಲನ್ನೂ ಬೇರೆ ಬೇರೆಯಾಗಿ ಕೆಚ್ಚಲು ಬಾವಿನ ಪರೀಕ್ಷೆ ಮಾಡಿಸಿ. ಬಾವು ಇದ್ದರೆ ಮೊದಲು ಚಿಕಿತ್ಸೆ, ಆಮೇಲೆ ಬತ್ತಿಸುವುದು. ಆರು ಲೀಟರಿನ ಹಸುವನ್ನು ಒಮ್ಮೆಗೇ ನಿಲ್ಲಿಸಬಹುದು. ಒಂದು ದಿನ ಬಿಟ್ಟು ಒಂದು ದಿನ ಕರೆಯುವ ಪದ್ಧತಿ ಬೇಕಿಲ್ಲ.

ಕೊನೆಯ ಕರಾವಿನಲ್ಲಿ ಕೆಚ್ಚಲನ್ನು ಪೂರ್ತಿ ಬರಿದು ಮಾಡಿ. ಬಳಿಕ ಮೊಲೆತೊಟ್ಟಿನ ತುದಿಯನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ, ಹತ್ತಿ ಕೊಳೆಯಾಗದೆ ಬರುವವರೆಗೆ ಒರೆಸಬೇಕು. ಒರೆಸುವಾಗ ಮೊದಲು ಆಚೆ ಬದಿಯ ಎರಡು ಮೊಲೆ, ಆಮೇಲೆ ಈಚೆಯವು. ಆಮೇಲೆ ಕೆಚ್ಚಲು ಬಾವು ತಡೆಯುವ ಔಷಧಿಯ ಟ್ಯೂಬನ್ನು ತೊಟ್ಟಿನೊಳಗೆ ಏರಿಸುವಾಗ ಮೊದಲು ಈಚೆಯವು, ಆಮೇಲೆ ಆಚೆಯವು. ಹೀಗೆ ಮಾಡಿದರೆ ಒರೆಸಿದ ತೊಟ್ಟಿಗೆ ತೋಳು ತಾಗುವುದಿಲ್ಲ. ಟ್ಯೂಬಿನ ಮೂತಿ ಮೂರು ನಾಲ್ಕು ಮಿಲಿಮೀಟರ್ ಒಳಗೆ ಹೋದರೆ ಸಾಕು. ಆಳಕ್ಕೆ ತೂರಿಸಿದರೆ ತುದಿಯ ಕೊಳೆಯೂ ಒಳಗೆ ಹೋಗುತ್ತದೆ, ತೊಟ್ಟಿನ ನಾಳವೂ ಹಿಗ್ಗುತ್ತದೆ. ಯಾವ ಟ್ಯೂಬ್, ಎಲ್ಲ ಮೊಲೆಗೂ ಬೇಕೇ ಎಂಬುದನ್ನು ವೈದ್ಯರು ಹೇಳಲಿ. ಕರು ನಿರೀಕ್ಷೆಗಿಂತ ಮುಂಚೆ ಹುಟ್ಟಿದರೆ, ಲೇಬಲ್ ಮೇಲೆ ಬರೆದಷ್ಟು ದಿನ ಆ ಹಾಲನ್ನು ಬಳಸುವಂತಿಲ್ಲ. ಆದ್ದರಿಂದ ಟ್ಯೂಬ್ ಹಾಕಿದ ದಿನಾಂಕ ಬರೆದಿಡಿ.

ಎರಡನೇ ದಿನದಿಂದ ನಾಲ್ಕನೇ ದಿನದವರೆಗೆ ಕೆಚ್ಚಲು ಬಿಗಿದು ಉಬ್ಬುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ‘ಪಾಪ, ನೋಯುತ್ತಿದೆ’ ಎಂದು ಸ್ವಲ್ಪ ಕರೆಯುತ್ತಾರೆ. ತೊಟ್ಟಿನ ತುದಿಯಲ್ಲಿ ಮೇಣದಂಥ ಬಿರಡೆಯೊಂದು ಕಟ್ಟಿಕೊಂಡು ರೋಗಾಣುಗಳಿಗೆ ದಾರಿ ಮುಚ್ಚುತ್ತಿರುತ್ತದೆ. ಕರೆದರೆ ಅದು ಕಿತ್ತುಹೋಗುತ್ತದೆ, ಹಾಲು ಮತ್ತೆ ಇಳಿಯುತ್ತದೆ. ಆ ಬಿಗಿತವೇ ಹಾಲನ್ನು ನಿಲ್ಲಿಸುವ ಸೂಚನೆ. ವಾರ ಹತ್ತು ದಿನದಲ್ಲಿ ಕೆಚ್ಚಲು ತಾನಾಗಿ ಸಡಿಲಾಗಿ ಕುಗ್ಗುತ್ತದೆ. ಒಂದೇ ಭಾಗ ಬಿಸಿಯಾಗಿ, ಗಟ್ಟಿಯಾಗಿ, ಮುಟ್ಟಿದರೆ ಹಸು ಒದೆಯುತ್ತಿದ್ದರೆ ಮಾತ್ರ ಅದು ಬಾವು. ಆಗ ತಡಮಾಡದೆ ತೋರಿಸಿ. ಈ ದಿನಗಳಲ್ಲಿ ಮಲಗುವ ಜಾಗ ಒಣಗಿರಬೇಕು.

ಕೊನೆಯ ಮೂರು ವಾರ ಕೈತಿಂಡಿಯನ್ನು ಮತ್ತೆ ಮೆಲ್ಲನೆ ಏರಿಸಿ, ಆದರೆ ಹೆಚ್ಚು ಸುಣ್ಣಾಂಶದ (ಕ್ಯಾಲ್ಸಿಯಂ) ಪುಡಿ, ದ್ರಾವಣ ಕೊಡಬೇಡಿ. ಬಹಳ ಜನ ಕರು ಹಾಕುವ ಮುಂಚೆ ಬಲ ಬರಲಿ ಎಂದು ಕ್ಯಾಲ್ಸಿಯಂ ಕುಡಿಸುತ್ತಾರೆ. ಹೊರಗಿನಿಂದ ಧಾರಾಳವಾಗಿ ಸಿಕ್ಕಾಗ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಮೈಯ ಅಭ್ಯಾಸ ತಪ್ಪುತ್ತದೆ. ಕರು ಹಾಕಿ ಕೆಚ್ಚಲಿಗೆ ಹಾಲು ಇಳಿದೊಡನೆ ರಕ್ತದ ಕ್ಯಾಲ್ಸಿಯಂ ಕುಸಿದು ಹಾಲು ಜ್ವರ ಬರುತ್ತದೆ. ಹೆಸರು ಜ್ವರ, ಆದರೆ ಮೈ ಬಿಸಿಯಾಗುವುದಿಲ್ಲ: ಕಿವಿ ತಣ್ಣಗಾಗಿ, ಹಸು ಏಳಲಾರದೆ ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗುತ್ತದೆ.

ಕಾರ್ಡಿನಲ್ಲಿ ‘ಗೊಡ್ಡು’ ಎಂದು ಬರೆಯುವುದನ್ನೇ ಬಿಡಿ. ಪ್ರತಿ ರಾಸಿಗೂ ಎರಡು ಸಾಲು ಇರಲಿ. ಒಂದರಲ್ಲಿ ಹಾಲು: ‘ಕರೆಯುತ್ತಿದೆ’ ಅಥವಾ ‘ಬತ್ತಿದೆ’, ದಿನಾಂಕದೊಡನೆ. ಇನ್ನೊಂದರಲ್ಲಿ ಗಬ್ಬ: ‘ವೀರ್ಯ ಹಾಕಿಸಿದ ದಿನ’, ‘ಪರೀಕ್ಷೆಯಲ್ಲಿ ಗಬ್ಬ’, ‘ಪರೀಕ್ಷೆಯಲ್ಲಿ ಖಾಲಿ’. ಪರೀಕ್ಷೆ ಆಗದಿದ್ದರೆ ‘ತಿಳಿದಿಲ್ಲ’ ಎಂದೇ ಬರೆಯಿರಿ. ಮೊದಲ ಕರು ಹಾಕುವವರೆಗೆ ಕಡಸು, ಹಾಕಿದ ಮೇಲೆ ಹಸು. ಎಷ್ಟು ಸಲ ಈದಿದೆ ಎಂಬುದೇ ಸೂಲು. ಅವಳಿ ಹಾಕಿದರೂ ಅದು ಒಂದೇ ಸೂಲು, ಎರಡಲ್ಲ. ಮುಂದೆ ಎಮ್ಮೆ ಕಟ್ಟುವುದಾದರೆ 280ರ ಲೆಕ್ಕ ನಡೆಯದು; ಅದರ ಗಬ್ಬ ಸುಮಾರು 310 ದಿನ, ಹಾಲು ಬತ್ತಿಸುವುದು 250ನೇ ದಿನದ ಸುಮಾರಿಗೆ.

ನೀವು ಕೇಳದ ಒಂದು ವಿಷಯವೂ ಇದೆ. ಅವಳಿ ಹಾಕಿದ ತಾಯಿಗೆ ಮಾಸು ಬಿದ್ದಿತ್ತೇ, ಎಷ್ಟು ಹೊತ್ತಿಗೆ ಬಿತ್ತು? ಪತ್ರದಲ್ಲಿ ಅದಿಲ್ಲ. ಅವಳಿ ಸೂಲಿನಲ್ಲಿ ಮಾಸು ಉಳಿಯುವುದು ಹೆಚ್ಚು, ತಾಯಿ ಬಡಕಲಾಗಿ ಮತ್ತೆ ಬೆದೆಗೆ ಬರಲು ತಡವಾಗುವುದೂ ಹೆಚ್ಚು. 18ನೇ ದಿನದಲ್ಲಿ ಸ್ರಾವ ಕಡಿಮೆಯಾಗಿ, ವಾಸನೆಯಿಲ್ಲದೆ ಇರಬೇಕು. ಕೆಟ್ಟ ವಾಸನೆಯ ಕಂದು ಸ್ರಾವ ಬರುತ್ತಿದ್ದರೆ, ಮೈಬಿಸಿ 39.5 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಅಥವಾ ಮೇವು ಬಿಟ್ಟಿದ್ದರೆ ಕರುವಿನ ಪರೀಕ್ಷೆಗೆ ವೈದ್ಯರು ಬಂದಾಗ ಮೊದಲು ತಾಯಿಯನ್ನು ತೋರಿಸಿ.